ತಲೆಗೊಂದು ಎತ್ತು, ತಲೆಗೆ ಐದು ಆನೆ

1950ರಲ್ಲಿ ಇಡೀ ಭಾರತದ ಬೇಸಾಯ ಬಳಸಿದ ವಿದ್ಯುತ್ತು 16 ಕೋಟಿ 20 ಲಕ್ಷ ಯೂನಿಟ್. ಕಾಶ್ಮೀರದಿಂದ ಕನ್ಯಾಕುಮಾರಿಯವರೆಗೆ, ಹನ್ನೆರಡು ತಿಂಗಳಿಗೆ, ಎಲ್ಲ ಸೇರಿ ಅಷ್ಟೇ. ಈಗ ಅದೇ ಬೇಸಾಯ ವರ್ಷಕ್ಕೆ ಸುಮಾರು 24,000 ಕೋಟಿ ಯೂನಿಟ್ ನುಂಗುತ್ತದೆ. ದಿನದ ಲೆಕ್ಕ ಹಾಕಿದರೆ 66 ಕೋಟಿ. ಅಂದರೆ ಅಂದಿನ ಒಂದು ಪೂರ್ತಿ ವರ್ಷದ ಕರೆಂಟು ಇಂದು ಆರು ಗಂಟೆಯಲ್ಲಿ ಖಾಲಿ! ಕರ್ನಾಟಕದ ಹಳ್ಳಿಗಳಲ್ಲಿ ಪಂಪಿಗೆಂದು ತ್ರೀಫೇಸ್ ಕೊಡುವುದು ದಿನಕ್ಕೆ ಏಳು ಗಂಟೆ. ಏಳು ಗಂಟೆ ಕಳೆಯುವಷ್ಟರಲ್ಲಿ ದೇಶದ ಪಂಪುಗಳು 1950ನ್ನು ಮುಗಿಸಿ, 1951ರ ಜನವರಿ, ಫೆಬ್ರುವರಿಗಳನ್ನೂ ಕುಡಿದು ಮುಗಿಸಿರುತ್ತವೆ.

16 ಕೋಟಿಯಿಂದ 24,000 ಕೋಟಿಗೆ ಎಂದರೆ ಸುಮಾರು 1,480 ಪಟ್ಟು. 1950ರಲ್ಲಿ ನಾಲ್ಕೂವರೆ ಅಡಿ ಇದ್ದ ಹುಡುಗನೊಬ್ಬ ಅಷ್ಟೇ ಪಟ್ಟು ಬೆಳೆದಿದ್ದರೆ ಇಂದು ಅವನ ಎತ್ತರ 6,600 ಅಡಿ ದಾಟುತ್ತಿತ್ತು. ಕರ್ನಾಟಕದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ 6,330 ಅಡಿ. ಪಕ್ಕದಲ್ಲಿ ನಿಂತರೆ ಬೆಟ್ಟ ಅವನ ಹುಬ್ಬಿನವರೆಗೆ ಬರುತ್ತಿತ್ತು, ಅಷ್ಟೆ. ಇನ್ನು ಇಷ್ಟೆಲ್ಲ ಉಂಡ ಬೇಸಾಯ ತಿರುಗಿ ಕೊಟ್ಟದ್ದೆಷ್ಟು? 1950-51ರಲ್ಲಿ ಬೆಳೆದ ಆಹಾರಧಾನ್ಯ 5 ಕೋಟಿ ಟನ್, 2023-24ರಲ್ಲಿ 33 ಕೋಟಿ ಟನ್. ಆರೂವರೆ ಪಟ್ಟು. ಅದೇ ಹುಡುಗ ಧಾನ್ಯದ ವೇಗದಲ್ಲಿ ಬೆಳೆದಿದ್ದರೆ 29 ಅಡಿಯಾಗಿ, ದೊಡ್ಡ ತೆಂಗಿನ ಮರದ ಅರ್ಧಕ್ಕೆ ನಿಲ್ಲುತ್ತಿದ್ದ. ಕಬ್ಬು, ಅಡಿಕೆ, ಟೊಮೆಟೊ ಎಲ್ಲವೂ ಈ ಕರೆಂಟಿನಲ್ಲಿ ಪಾಲು ಪಡೆಯುತ್ತವೆ, ನಿಜ. ಅವುಗಳನ್ನು ಸೇರಿಸಿಕೊಂಡರೂ ತೆಂಗಿನ ಮರ ಮುಳ್ಳಯ್ಯನಗಿರಿ ಆಗುವುದಿಲ್ಲ.

ಈ ಬೆಳವಣಿಗೆಯನ್ನು ಅಳೆಯಲು ನಮ್ಮದೇ ಹಳೆಯ ಮಾನವೊಂದಿದೆ: ಜೋಡೆತ್ತು. ಕೃಷಿ ಎಂಜಿನಿಯರುಗಳ ಲೆಕ್ಕದಲ್ಲಿ ದುಡಿಯುವ ಆಳೊಬ್ಬನ ಶಕ್ತಿ 0.05 ಕಿಲೊವಾಟ್, ಒಂದು ಜೋಡಿ ಎತ್ತಿನದು 0.38 ಕಿಲೊವಾಟ್. ಕಪಿಲೆ ಬಾವಿಯನ್ನು ನೋಡಿದವರು ಈಗ ಕಡಿಮೆ. ಬಾವಿಯ ದಡದಿಂದ ಇಳಿಜಾರು ಮಾಡಿರುತ್ತಿದ್ದರು. ಎತ್ತುಗಳು ಇಳಿಜಾರಿನಲ್ಲಿ ಇಳಿದರೆ ಚರ್ಮದ ಚೀಲ ನೀರು ತುಂಬಿಕೊಂಡು ಮೇಲೆ ಬರಬೇಕು, ಹಿಂದಕ್ಕೆ ಹೆಜ್ಜೆ ಹಾಕಿದರೆ ಖಾಲಿ ಚೀಲ ಕೆಳಗಿಳಿಯಬೇಕು. ಎತ್ತು ಸುಲಭವಾಗಿ ಎಳೆಯಲೆಂದು ಹೊಡೆಯುವವನು ಮಿಣಿಯ ಮೇಲೇ ಕೂತು ತನ್ನ ಭಾರವನ್ನೂ ಸೇರಿಸುತ್ತಿದ್ದ. ಬೆಳಗಿನಿಂದ ಸಂಜೆವರೆಗೆ ಹೀಗೆ ಇಳಿದು ಹತ್ತಿದರೂ ಆ ಜೋಡಿಯ ಸರಾಸರಿ ಶಕ್ತಿ ಅರ್ಧ ಎಚ್‌ಪಿ. ಇಂದು ಸಾಧಾರಣ ರೈತನೊಬ್ಬ ಹಾಕಿಸುವ 5 ಎಚ್‌ಪಿ ಮೋಟರು ಹತ್ತು ಜೋಡಿ ಎತ್ತಿಗೆ ಸಮ, ಎಪ್ಪತ್ತೈದು ಆಳಿಗೆ ಸಮ. ಗೋಡೆಗೆ ತಗುಲಿಸಿದ ಸ್ಟಾರ್ಟರ್ ಡಬ್ಬದ ಹಸಿರು ಗುಂಡಿ ಒತ್ತಿದರೆ ಎಪ್ಪತ್ತೈದು ಆಳು ಒಟ್ಟಿಗೆ ಎದ್ದು ನಿಂತ ಹಾಗೆ. ಅವರು ಎಲೆಅಡಿಕೆಗೆಂದು ನಡುವೆ ಕೂರುವವರೂ ಅಲ್ಲ.

ಇಂಥ ವಿದ್ಯುತ್ ಪಂಪುಗಳು 1951ರಲ್ಲಿ ದೇಶದಲ್ಲಿ 21,000 ಇದ್ದವು. ಒಂದು ಪಂಪಿಗೆ ಒಂದು ಸೆಕೆಂಡಿನಂತೆ ಎಣಿಸುತ್ತ ಕೂತರೆ ಆರು ಗಂಟೆಯೊಳಗೆ ಮುಗಿಸಿ ಎದ್ದುಬಿಡಬಹುದಿತ್ತು. ಈಗ 2 ಕೋಟಿ 10 ಲಕ್ಷಕ್ಕೂ ಹೆಚ್ಚಿವೆ. ಊಟ, ನಿದ್ದೆ ಬಿಟ್ಟು ಎಣಿಸಿದರೆ ಎಂಟು ತಿಂಗಳು ಬೇಕು. ಯುಗಾದಿಯಂದು ಶುರು ಮಾಡಿದವನು ದೀಪಾವಳಿ ಕಳೆದ ಮೇಲೆ ಏಳುತ್ತಾನೆ. ಪ್ರತಿಯೊಂದನ್ನೂ 5 ಎಚ್‌ಪಿ ಎಂದೇ ಹಿಡಿದುಕೊಂಡರೂ ಇವುಗಳ ಕೆಲಸ ಮಾಡಲು 21 ಕೋಟಿ ಜೋಡಿ, ಅಂದರೆ 42 ಕೋಟಿ ಎತ್ತು ಬೇಕು. 2019ರ ಜಾನುವಾರು ಗಣತಿಯಲ್ಲಿ ಹಸು, ಕರು, ಹೋರಿ, ಎತ್ತು ಎಲ್ಲ ಸೇರಿ ದೇಶದಲ್ಲಿ ಸಿಕ್ಕ ದನಗಳು 19.3 ಕೋಟಿ. ಅದರಲ್ಲಿ ಗಂಡು 5 ಕೋಟಿಯೂ ಇಲ್ಲ.

ನೀರೆತ್ತುವುದು ಮಾತ್ರ ಏಕೆ, ಉಳುವುದು, ಬಿತ್ತುವುದು, ಕೊಯ್ಯುವುದು, ಒಕ್ಕುವುದು ಎಲ್ಲವನ್ನೂ ಸೇರಿಸೋಣ. 1960-61ರಲ್ಲಿ ದೇಶದ ಹೊಲಗದ್ದೆಗಳಲ್ಲಿ ಬಳಕೆಯಾದ ಶಕ್ತಿಯಲ್ಲಿ ನೂರಕ್ಕೆ 92 ಪಾಲು ಮನುಷ್ಯ ಮತ್ತು ಪ್ರಾಣಿಗಳ ಮೈಯಿಂದ ಬಂದದ್ದು. 2014-15ರ ಹೊತ್ತಿಗೆ ಆ ಪಾಲು ಹತ್ತಕ್ಕಿಂತ ಕೆಳಗೆ ಇಳಿದು, ಯಂತ್ರಗಳ ಪಾಲು 90 ದಾಟಿತು. ಐವತ್ತನಾಲ್ಕು ವರ್ಷದಲ್ಲಿ ತಕ್ಕಡಿ ತಲೆಕೆಳಗಾಯಿತು. ಹರಪ್ಪದ ಕಾಲದಿಂದ ನಾಲ್ಕೂವರೆ ಸಾವಿರ ವರ್ಷ ನೊಗ ಹೊತ್ತ ಪ್ರಾಣಿಗೆ ನಿವೃತ್ತಿ ಸಿಕ್ಕಿದ್ದು ಒಬ್ಬ ಗುಮಾಸ್ತನ ಆಯುಸ್ಸಿನೊಳಗೆ. ಹೆಕ್ಟೇರಿಗೆ 0.3 ಕಿಲೊವಾಟ್ ಇದ್ದ ಶಕ್ತಿ 2 ಕಿಲೊವಾಟ್ ದಾಟಿತು. ದೇಶದಲ್ಲಿ ಬಿತ್ತನೆಯಾಗುವ ನೆಲ ಸುಮಾರು 14 ಕೋಟಿ ಹೆಕ್ಟೇರ್. ಗುಣಿಸಿ: 28 ಕೋಟಿ ಕಿಲೊವಾಟ್. ಅದನ್ನು ಎತ್ತಿಗೆ ಪರಿವರ್ತಿಸಿದರೆ 147 ಕೋಟಿ ಎತ್ತು!

ಭಾರತದ ಜನಸಂಖ್ಯೆಯೂ ಹೆಚ್ಚೂಕಡಿಮೆ ಅಷ್ಟೇ. ಮುಂಬಯಿಯ ಫ್ಲ್ಯಾಟಿನ ಗುಜರಾತಿ ಅಜ್ಜಿಗೊಂದು, ಬೆಂಗಳೂರಿನ ಸಾಫ್ಟ್‌ವೇರ್ ಹುಡುಗಿಗೊಂದು, ನಿನ್ನೆ ಹುಟ್ಟಿದ ಕೂಸಿಗೊಂದು, ತಲೆಗೊಂದರಂತೆ ಎತ್ತು ಹಂಚಿ, ಎಲ್ಲವನ್ನೂ ಹೊಲಕ್ಕೆ ಹೊಡೆದರೆ ಇಂದಿನ ಬೇಸಾಯ ನಡೆದೀತು. ಒಂದರ ಬಾಲಕ್ಕೆ ಇನ್ನೊಂದರ ಮೂತಿ ತಾಗುವಂತೆ ನಿಲ್ಲಿಸಿದರೆ ಆ ಸಾಲು 32 ಲಕ್ಷ ಕಿಲೊಮೀಟರ್, ಭೂಮಿಗೆ ಎಂಬತ್ತು ಸುತ್ತು. ಇವಕ್ಕೆಲ್ಲ ಮೇವು ಎಲ್ಲಿ ಬೆಳೆಯುವುದು ಎಂದು ಕೇಳಬೇಡಿ. ಮೇವು ಬೆಳೆಯಲು ಮತ್ತೆ ಎತ್ತು ಬೇಕು.

ಟ್ರ್ಯಾಕ್ಟರಿನ ಕತೆ ಸಣ್ಣದು, ವೇಗ ಮಾತ್ರ ದೊಡ್ಡದು. 1951ರಲ್ಲಿ ದೇಶದಲ್ಲಿದ್ದ ಒಟ್ಟು ಟ್ರ್ಯಾಕ್ಟರು ಹತ್ತು ಸಾವಿರಕ್ಕೂ ಕಡಿಮೆ. 2022-23ರ ಒಂದೇ ವರ್ಷ ಮಾರಾಟವಾದದ್ದು 9 ಲಕ್ಷ 40 ಸಾವಿರಕ್ಕೂ ಹೆಚ್ಚು. ಹಗಲು ರಾತ್ರಿ ಎನ್ನದೆ ಮೂವತ್ತನಾಲ್ಕು ಸೆಕೆಂಡಿಗೆ ಒಂದು. ಅಂದು ದೇಶದಲ್ಲಿದ್ದ ಅಷ್ಟೂ ಟ್ರ್ಯಾಕ್ಟರು ಈಗ ಶೋರೂಮುಗಳ ನಾಲ್ಕು ದಿನದ ವ್ಯಾಪಾರ. ಆ ಒಂದು ವರ್ಷದ ಗಾಡಿಗಳನ್ನು, ಟ್ರೇಲರ್ ಕಳಚಿ, ಕನ್ಯಾಕುಮಾರಿಯಿಂದ ಸಾಲಾಗಿ ನಿಲ್ಲಿಸುತ್ತ ಹೋದರೆ ಬೆಂಗಳೂರು, ಹೈದರಾಬಾದು, ನಾಗಪುರ, ದೆಹಲಿ ದಾಟಿ ಕೊನೆಯದು ಪಂಜಾಬಿನ ಯಾವುದೋ ಗೋಧಿ ಹೊಲದ ಬದುವಿಗೆ ಬಂದು ನಿಂತೀತು. 45 ಎಚ್‌ಪಿಯ ಒಂದೊಂದರ ಬಾನೆಟ್ಟಿನಡಿಯೂ ತೊಂಬತ್ತು ಜೋಡಿ ಎತ್ತು.

ಇಷ್ಟೆಲ್ಲ ಸದ್ದು ಮಾಡುವ ಯಂತ್ರಗಳ ನಡುವೆ ಸದ್ದಿಲ್ಲದೆ ಇಂಧನ ತಿನ್ನುವುದೊಂದಿದೆ. ಸೊಸೈಟಿಯ ಗೋದಾಮಿನಲ್ಲಿ ಒಂದರ ಮೇಲೊಂದು ಮಲಗಿರುವ ಯೂರಿಯಾ ಚೀಲ. ನೈಸರ್ಗಿಕ ಅನಿಲದಿಂದ ತಯಾರಾಗುವ ಈ ಬಿಳಿ ಕಾಳಿನ 45 ಕಿಲೊ ಚೀಲವೊಂದರ ಹಿಂದೆ ಸುಮಾರು 300 ಯೂನಿಟ್ಟಿನಷ್ಟು ಶಕ್ತಿ ಖರ್ಚಾಗಿರುತ್ತದೆ. ಗೃಹಜ್ಯೋತಿಯಲ್ಲಿ ಒಂದು ಮನೆಗೆ ತಿಂಗಳಿಗೆ ಸಿಗುವ ಗರಿಷ್ಠ ಉಚಿತ ಕರೆಂಟು 200 ಯೂನಿಟ್. ಒಂದು ಚೀಲದಲ್ಲಿ ಒಂದೂವರೆ ತಿಂಗಳ ಗೃಹಜ್ಯೋತಿ ಅಡಗಿದೆ. ಡೀಸೆಲಿನ ಲೆಕ್ಕದಲ್ಲಿ ಹೇಳುವುದಾದರೆ ಮೂವತ್ತು ಲೀಟರ್. ಬಂಕಿಗೆ ಹೋಗಿ ಮೂವತ್ತು ಲೀಟರ್ ಹಾಕಿಸಿದರೆ ಎರಡೂವರೆ ಸಾವಿರ ರೂಪಾಯಿ ಮೀರುತ್ತದೆ. ರೈತನಿಗೆ ಈ ಚೀಲದ ಬೆಲೆ ಸುಮಾರು 267 ರೂಪಾಯಿ. ಇಷ್ಟು ಅಗ್ಗದ ಇಂಧನ ಮತ್ತೆಲ್ಲೂ ಸಿಗದು, ಅದೂ ಮಣ್ಣಿಗೆ ಎರಚಲು.

2023-24ರಲ್ಲಿ ಭಾರತ ಎರಚಿದ ಯೂರಿಯಾ 3 ಕೋಟಿ 57 ಲಕ್ಷ ಟನ್. ಚೀಲದಲ್ಲಿ ಹೇಳಿದರೆ 79 ಕೋಟಿ, ಸೆಕೆಂಡಿಗೆ ಇಪ್ಪತ್ತೈದು. ಒಂದು ಚೀಲ ಮುಕ್ಕಾಲು ಮೀಟರ್ ಎಂದುಕೊಂಡು ಉದ್ದಕ್ಕೆ ಮಲಗಿಸುತ್ತ ಹೋದರೆ ಚಂದ್ರನನ್ನು ಮುಟ್ಟಿ, ಅಲ್ಲಿಂದ ಅರ್ಧಕ್ಕೂ ಹೆಚ್ಚು ದಾರಿ ಹಿಂದಕ್ಕೆ ಬರುತ್ತದೆ. ಸ್ವಾತಂತ್ರ್ಯ ಬಂದ ಹೊಸತರಲ್ಲಿ, 1950-51ರಲ್ಲಿ, ದೇಶದ ಎಲ್ಲ ರಸಗೊಬ್ಬರವನ್ನೂ ಪೋಷಕಾಂಶದ ಲೆಕ್ಕದಲ್ಲಿ ತೂಗಿದರೆ 70 ಸಾವಿರ ಟನ್ ಆಗುತ್ತಿತ್ತು. ಈಗ ಅದೇ ಲೆಕ್ಕ 3 ಕೋಟಿ ಟನ್. ಅಂದು ವರ್ಷಕ್ಕೆ ಸಾಕಾಗುತ್ತಿದ್ದದ್ದು ಇಂದು ಒಂದು ದಿನಕ್ಕೂ ಸಾಲದು. ಇನ್ನೊಂದು ತಮಾಷೆ: 79 ಕೋಟಿ ಚೀಲವನ್ನು 300 ಯೂನಿಟ್ಟಿನಿಂದ ಗುಣಿಸಿ ನೋಡಿ. ಹತ್ತಿರಹತ್ತಿರ 24,000 ಕೋಟಿ! ದೇಶದ ಪಂಪುಗಳೆಲ್ಲ ಗುಡುಗುಟ್ಟುತ್ತ ಕುಡಿಯುವಷ್ಟನ್ನೇ ಈ ಚೀಲಗಳು ತೆಪ್ಪಗೆ ಮಲಗಿ ತಿಂದಿವೆ. ಅನಿಲದ ಶಾಖದ ಯೂನಿಟ್ಟೂ ತಂತಿಯ ಯೂನಿಟ್ಟೂ ಒಂದೇ ಅಲ್ಲ ಎಂದು ಎಂಜಿನಿಯರುಗಳು ಹುಬ್ಬು ಗಂಟಿಕ್ಕುವುದು ಸರಿಯೇ, ಆದರೆ ಕಾಕತಾಳೀಯ ಬಲು ಸೊಗಸಾಗಿದೆ.

ಮತ್ತೆ ಪಂಪಿಗೆ ಬರೋಣ, ಏಕೆಂದರೆ ನಿಜವಾದ ಬೆರಗು ಅಲ್ಲಿದೆ. 1961ರಲ್ಲಿ ಬೇಸಾಯದ ಕರೆಂಟು 83 ಕೋಟಿ ಯೂನಿಟ್. 1974ರಲ್ಲಿ 631 ಕೋಟಿ. 1985ರಲ್ಲಿ 2,096 ಕೋಟಿ. 1990ರಲ್ಲಿ 4,406 ಕೋಟಿ. ಕೊನೆಯ ಜಿಗಿತವನ್ನು ಗಮನಿಸಿ: ಸ್ವಾತಂತ್ರ್ಯ ಬಂದಂದಿನಿಂದ ಮೂವತ್ತೆಂಟು ವರ್ಷದಲ್ಲಿ ಮುಟ್ಟಿದ ಎತ್ತರವನ್ನು ಮುಂದಿನ ಐದೇ ವರ್ಷದಲ್ಲಿ ಇನ್ನೊಮ್ಮೆ ಏರಿ, ಮೇಲೆ ಒಂದಿಷ್ಟು ಕೊಸರು. ರಾಜ್ಯ ರಾಜ್ಯಗಳಲ್ಲಿ ಮೀಟರು ಕಳಚಿ ಎಚ್‌ಪಿ ಲೆಕ್ಕದ ಬಿಲ್ಲು ಬಂದ ಕಾಲ ಅದು. ಆಂಧ್ರದಲ್ಲಿ 1980ರ ದಶಕದ ಆರಂಭದಲ್ಲಿ ಎಚ್‌ಪಿಗೆ ವರ್ಷಕ್ಕೆ 50 ರೂಪಾಯಿ ಎಂದು ನಿಗದಿಯಾಯಿತು. 5 ಎಚ್‌ಪಿ ಪಂಪಿಗೆ ವರ್ಷಕ್ಕೆ 250 ರೂಪಾಯಿ. ದಿನಕ್ಕೆ 68 ಪೈಸೆಗೆ ಹತ್ತು ಜೋಡಿ ಎತ್ತು! ಆಮೇಲೆ ಆ ಪೈಸೆಯೂ ಹೋಯಿತು. ನಮ್ಮಲ್ಲಿ ಬಂಗಾರಪ್ಪನವರು ಮುಖ್ಯಮಂತ್ರಿಯಾಗಿದ್ದಾಗ 10 ಎಚ್‌ಪಿವರೆಗಿನ ಪಂಪಿಗೆ ಉಚಿತ ಕರೆಂಟು ಬಂತು. 1997ರಲ್ಲಿ ಪಂಜಾಬು, 2004ರಲ್ಲಿ ಆಂಧ್ರ ಅದೇ ದಾರಿ ಹಿಡಿದವು. 2018ರ ಹೊಸ ವರ್ಷದ ದಿನದಿಂದ ತೆಲಂಗಾಣ ಇಪ್ಪತ್ತನಾಲ್ಕು ಗಂಟೆಯೂ ಉಚಿತ ಎಂದಿತು.

ಮೀಟರಿಲ್ಲದ ಕಡೆ ಯೂನಿಟ್ ಎಣಿಸುವುದು ಹೇಗೆ ಎಂದರೆ, ಅಂದಾಜು. 1997ರಲ್ಲಿ 8,402 ಕೋಟಿಯಿದ್ದ ಅಂಕಿ ಐದು ವರ್ಷದ ನಂತರ 8,167 ಕೋಟಿಗೆ ಇಳಿಯಿತು. ರೈತರು ಪಂಪು ನಿಲ್ಲಿಸಿದ್ದರು ಎಂದುಕೊಂಡರೆ ಕೆಟ್ಟಿರಿ. ಬಹುಮಟ್ಟಿಗೆ ಲೆಕ್ಕಪುಸ್ತಕ ತಿದ್ದಿದ್ದು ಅದು. ತಂತಿಯಲ್ಲಿ ಸೋರಿದ್ದು, ಕದ್ದದ್ದು ಎಲ್ಲವನ್ನೂ ಬಹಳ ವರ್ಷ ರೈತನ ಖಾತೆಗೇ ಬರೆದಿದ್ದರು. ಹಾಗಾಗಿ ಈ ಅಂಕಿಗಳನ್ನು ಒಂದಿಷ್ಟು ಸಡಿಲವಾಗಿಯೇ ಹಿಡಿದುಕೊಳ್ಳಿ. ನೂರಕ್ಕೆ ಇಪ್ಪತ್ತು ಸುಳ್ಳೆಂದು ಕಳೆದು ಎಸೆದರೂ 1,480 ಪಟ್ಟು 1,180 ಆಗುತ್ತದೆ. ಆಗಲೂ ಕತ್ತೆತ್ತಿಯೇ ನೋಡಬೇಕು.

ಕರ್ನಾಟಕದಲ್ಲಿ ಈಗ 30 ಲಕ್ಷಕ್ಕೂ ಹೆಚ್ಚು ಐಪಿ ಸೆಟ್ಟುಗಳಿವೆ. ಇವುಗಳ ಉಚಿತ ಕರೆಂಟಿಗೆ ಸರ್ಕಾರ ವರ್ಷಕ್ಕೆ ತುಂಬುವ ಹಣ ಹತ್ತು ಸಾವಿರ ಕೋಟಿ ರೂಪಾಯಿಗೂ ಮೇಲೆ. ಬರೀ ಹತ್ತು ಸಾವಿರ ಕೋಟಿಯನ್ನೇ 500 ರೂಪಾಯಿ ನೋಟಿನಲ್ಲಿ ಪೇರಿಸಿದರೆ ಇಪ್ಪತ್ತು ಕಿಲೊಮೀಟರ್ ಎತ್ತರ. ಎವರೆಸ್ಟಿನ ತಲೆಯ ಮೇಲೆ ಇನ್ನೊಂದು ಎವರೆಸ್ಟ್ ಇಟ್ಟರೂ ನೋಟಿನ ಕಂತೆಯೇ ಎತ್ತರ. ವಿಮಾನಗಳು ಅದರ ಅರ್ಧದಲ್ಲಿ ಹಾರಾಡುತ್ತವೆ.

ಎತ್ತರ ಸಾಕು, ಆಳಕ್ಕಿಳಿಯೋಣ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಬೋರು ಕೊರೆಸುವ ದಿನ ಮನೆಯವರ್ಯಾರೂ ಸರಿಯಾಗಿ ಉಣ್ಣುವುದಿಲ್ಲ. ಅಂಗೈಯಲ್ಲಿ ತೆಂಗಿನಕಾಯಿ ಹಿಡಿದು ನಡೆದವರು ಪಾಯಿಂಟ್ ತೋರಿಸಿ ಹೋಗಿರುತ್ತಾರೆ. ತಮಿಳುನಾಡಿನ ತಿರುಚೆಂಗೋಡಿನ ನಂಬರಿನ ಲಾರಿ ಬಂದು ನಿಂತು, ಊರೆಲ್ಲ ಬಿಳಿ ಹುಡಿ ಎಬ್ಬಿಸುತ್ತದೆ. ಐನೂರು ಅಡಿಗೆ ಹುಡಿ, ಎಂಟುನೂರಕ್ಕೂ ಹುಡಿ. ಅಡಿಗಿಷ್ಟು ಎಂದು ದುಡ್ಡು ಓಡುತ್ತಲೇ ಇರುತ್ತದೆ. ಸಾವಿರದ ಇನ್ನೂರು ಅಡಿಗೆ ಕೆಸರು ಚಿಮ್ಮಿ, ‘ಎರಡು ಇಂಚು ನೀರು’ ಎಂದು ಯಾರೋ ಕೂಗಿದರೆ ಆ ಮನೆಯ ಅದೃಷ್ಟ. ಹುಡಿಯೇ ಬಂದರೆ ಪಕ್ಕದಲ್ಲಿ ಇನ್ನೊಂದು ಪಾಯಿಂಟ್.

1,200 ಅಡಿ ಅಂದರೆ 366 ಮೀಟರ್. ಗೋಳಗುಮ್ಮಟ 51 ಮೀಟರ್. ಏಳು ಗೋಳಗುಮ್ಮಟಗಳನ್ನು ಒಂದರ ಮೇಲೊಂದು ಇಟ್ಟು ಆ ತೂತಿಗೆ ಇಳಿಬಿಟ್ಟರೂ ತಳ ಮುಟ್ಟುವುದಿಲ್ಲ. ಜೋಗದ ನೀರು ಬೀಳುವುದು 253 ಮೀಟರ್. ಅದನ್ನು ನೋಡಲು ಬಸ್ಸು ಮಾಡಿಕೊಂಡು ಹೋಗುತ್ತೇವೆ. ಕೋಲಾರದ ಟೊಮೆಟೊ ಗಿಡಕ್ಕೆ ನೀರು ದಿನವೂ ಒಂದೂವರೆ ಜೋಗದಷ್ಟು ಹತ್ತಿ ಬರುತ್ತದೆ, ಅದೂ ತಲೆಕೆಳಗಾಗಿ, ಯಾರೂ ನೋಡದೆ. ಆ ತೂತಿನ ಅಗಲವಾದರೂ ಎಷ್ಟು? ಆರೂವರೆ ಇಂಚು. ಅಗಲದ ಎರಡು ಸಾವಿರದ ಇನ್ನೂರು ಪಟ್ಟು ಆಳ. ಎಳನೀರಿಗೆ ಹಾಕುವ ಸ್ಟ್ರಾ ಇದೇ ಪ್ರಮಾಣದಲ್ಲಿ ಇರಬೇಕಿದ್ದರೆ ಹನ್ನೊಂದು ಮೀಟರ್ ಉದ್ದವಾಗುತ್ತಿತ್ತು. ಮೂರನೇ ಮಹಡಿಯ ಬಾಲ್ಕನಿಯಲ್ಲಿ ನಿಂತು ಬೀದಿಯ ಗಾಡಿಯಲ್ಲಿರುವ ಎಳನೀರನ್ನು ಹೀರಿದ ಹಾಗೆ. ಯಾರ ಬಾಯಿಗೂ ಅಷ್ಟು ಹೀರಲಾಗದು. ಹೀರುವ ಯಂತ್ರಕ್ಕೂ ಆಗದು. ಅದಕ್ಕೇ ಸಬ್‌ಮರ್ಸಿಬಲ್ ಮೋಟರು ತಾನೇ ತಳಕ್ಕಿಳಿದು ಕೂತು ನೀರನ್ನು ಮೇಲಕ್ಕೆ ತಳ್ಳುತ್ತದೆ. ಅದು ಸುಟ್ಟರೆ ಇಪ್ಪತ್ತು ಅಡಿಯ ಅರವತ್ತು ಪೈಪು ಒಂದೊಂದಾಗಿ ಬಿಚ್ಚಿ ಎತ್ತಬೇಕು.

ಆ ಆಳದಿಂದ ಒಂದು ಸಿಂಟೆಕ್ಸ್ ಟ್ಯಾಂಕು, ಅಂದರೆ ಸಾವಿರ ಲೀಟರ್ ತುಂಬಿಸಲು, ಪಂಪು ಒಂದಿಷ್ಟೂ ಪೋಲು ಮಾಡದೆ ದುಡಿದರೂ ಒಂದು ಯೂನಿಟ್ ಬೇಕು. ಪೋಲು ಮಾಡದ ಪಂಪು ಇನ್ನೂ ಹುಟ್ಟಿಲ್ಲವಾದ್ದರಿಂದ ಎರಡೂವರೆ ಎಂದುಕೊಳ್ಳಿ. ಸಾವಿರ ಲೀಟರ್ ನೀರಿನ ತೂಕ ಒಂದು ಟನ್. ಸಣ್ಣ ಕಾರೊಂದನ್ನು ಏಳು ಗೋಳಗುಮ್ಮಟದ ಎತ್ತರಕ್ಕೆ ಎತ್ತಿ ಇಳಿಸಿದಂತೆ, ಮತ್ತೆ ಮತ್ತೆ, ತ್ರೀಫೇಸ್ ಹೋಗುವ ತನಕ.

ಇದು ಸಣ್ಣ ಪಂಪಿನ ಮಾತು. ದೊಡ್ಡ ಪಂಪು ನೋಡಬೇಕೆಂದರೆ ತೆಲಂಗಾಣಕ್ಕೆ ಹೋಗಬೇಕು. ಗೋದಾವರಿಯ ನೀರೆತ್ತುವ ಕಾಳೇಶ್ವರಂ ಯೋಜನೆಯಲ್ಲಿ, ಕರೀಂನಗರದ ಹತ್ತಿರ, ನೆಲದಡಿಯ ಗುಹೆಯೊಂದರಲ್ಲಿ ಏಳು ಪಂಪುಗಳಿವೆ. ಒಂದೊಂದೂ 139 ಮೆಗಾವಾಟ್. ಒಂದು ಪಂಪಿಗೆ 3 ಲಕ್ಷ 65 ಸಾವಿರ ಜೋಡಿ ಎತ್ತು! ಇದಕ್ಕಿಂತ ಮಜಾ ಇನ್ನೊಂದಿದೆ. ಜೋಗದ ಬುಡದಲ್ಲಿರುವ ಮಹಾತ್ಮ ಗಾಂಧಿ ಜಲವಿದ್ಯುದಾಗಾರ, ಒಂದು ಕಾಲಕ್ಕೆ ಮೈಸೂರು ಸಂಸ್ಥಾನವೇ ಎದೆಯುಬ್ಬಿಸಿ ತೋರಿಸುತ್ತಿದ್ದ ಆ ಸ್ಥಾವರ, ಎಂಟೂ ಟರ್ಬೈನು ತಿರುಗಿಸಿ ಹುಟ್ಟಿಸುವುದು 139.2 ಮೆಗಾವಾಟ್. ಇಡೀ ಜೋಗ ದುಡಿದರೆ ಕಾಳೇಶ್ವರದ ಒಂದು ಪಂಪು ತಿರುಗುತ್ತದೆ, ಕೈಯಲ್ಲಿ ಚೂರುಪಾರು ಉಳಿಯುತ್ತದೆ. ಏಳೂ ಒಟ್ಟಿಗೆ ತಿರುಗಿದರೆ 973 ಮೆಗಾವಾಟ್, ಅಂದರೆ ಹತ್ತಿರಹತ್ತಿರ ಇಡೀ ಶರಾವತಿ ವಿದ್ಯುದಾಗಾರ. ಆ ಯೋಜನೆಯ ಮೇಡಿಗಡ್ಡ ಬ್ಯಾರೇಜಿನ ಕಂಬಗಳು 2023ರಲ್ಲಿ ಕುಸಿದು ರಾದ್ಧಾಂತವಾದದ್ದು ಬೇರೆಯೇ ಪುರಾಣ.

ಶರಾವತಿ ಎಂದ ಮೇಲೆ ಒಂದು ಭಾಗಾಕಾರ ಮಾಡಿಯೇಬಿಡೋಣ. ಅದರ ಹತ್ತು ಟರ್ಬೈನುಗಳ ಸಾಮರ್ಥ್ಯ 1,035 ಮೆಗಾವಾಟ್. ಒಂದು ಕ್ಷಣವೂ ನಿಲ್ಲದೆ ವರ್ಷವಿಡೀ ತಿರುಗಿದರೆ (ಯಾವ ವರ್ಷವೂ ಹಾಗೆ ತಿರುಗುವುದಿಲ್ಲ, ಅಷ್ಟು ಮಳೆ ಯಾರ ಕೈಯಲ್ಲಿದೆ) ಸುಮಾರು 907 ಕೋಟಿ ಯೂನಿಟ್ ಬರುತ್ತದೆ. ಭಾರತದ ಬೇಸಾಯಕ್ಕೆ ಇಂಥ ಇಪ್ಪತ್ತಾರು ಶರಾವತಿ ಬೇಕು. ನೀರು ಬೇಡ, ಬಿಸಿಲು ಸಾಕು ಎನ್ನುವವರಿಗೆ ಪಾವಗಡ ಇದೆ: ಹದಿಮೂರು ಸಾವಿರ ಎಕರೆಯಲ್ಲಿ 2,050 ಮೆಗಾವಾಟ್. ದಿನಕ್ಕೆ ಐದೂವರೆ ಗಂಟೆ ಪೂರ್ತಿ ಬಿಸಿಲೆಂದು ಹಿಡಿದರೆ ಐವತ್ತೆಂಟು ಪಾವಗಡ ಬೇಕು. ಕೊಡಗು ಜಿಲ್ಲೆಯ ಮುಕ್ಕಾಲು ಭಾಗಕ್ಕೆ ಗಾಜಿನ ಚಪ್ಪರ ಹಾಕಿದಷ್ಟು. ನೆರೆಯ ಶ್ರೀಲಂಕಾ ತನ್ನ ಮನೆ, ಕಾರ್ಖಾನೆ, ಬೀದಿದೀಪ ಎಲ್ಲಕ್ಕೂ ಬಳಸುವ ಕರೆಂಟಿನ ಲೆಕ್ಕದಲ್ಲಿ ನಮ್ಮ ಪಂಪುಗಳ ಒಂದು ವರ್ಷ ಆ ದೇಶಕ್ಕೆ ಹದಿನಾಲ್ಕು ವರ್ಷ. ಇನ್ನೂ ಚಿಕ್ಕದಾಗಿ ಬೇಕೆಂದರೆ ಸೆಕೆಂಡಿಗೆ 7,600 ಯೂನಿಟ್. ತಿಂಗಳಿಗೆ 200 ಯೂನಿಟ್ ಉರಿಸುವ ಮನೆಗೆ ಮೂರು ವರ್ಷದ ಬೆಳಕು, ನೀವು ‘ಶರಾವತಿ’ ಎನ್ನುವಷ್ಟರಲ್ಲಿ ನೀರಾಗಿ ಹರಿದುಹೋಯಿತು.

ಹರಿದ ನೀರಾದರೂ ಎಷ್ಟು? 2024ರ ಸರ್ಕಾರಿ ಅಂದಾಜಿನಂತೆ ನೀರಾವರಿಗೆಂದು ಭಾರತ ನೆಲದಡಿಯಿಂದ ಎತ್ತುವುದು ವರ್ಷಕ್ಕೆ ಸುಮಾರು 21,300 ಕೋಟಿ ಘನ ಮೀಟರ್. ಕರೆಂಟಿನಿಂದಲೋ ಡೀಸೆಲಿನಿಂದಲೋ, ಅಂತೂ ಎತ್ತುತ್ತದೆ. ಜಗತ್ತಿನಲ್ಲಿ ಇನ್ಯಾವ ದೇಶವೂ ಇಷ್ಟು ಅಂತರ್ಜಲ ಎತ್ತುವುದಿಲ್ಲ. ಚೀನಾ, ಅಮೆರಿಕ ಎರಡನ್ನೂ ಕೂಡಿಸಿದರೂ ನಮಗೆ ಸಮವಲ್ಲ. ತುಂಬಿದ ಕನ್ನಂಬಾಡಿ ಕಟ್ಟೆಯಲ್ಲಿ 49 ಟಿಎಂಸಿ ನೀರಿರುತ್ತದೆ. ಅದು ತುಂಬಿದರೆ ಮುಖ್ಯಮಂತ್ರಿಗಳು ಬಾಗಿನ ಬಿಡುತ್ತಾರೆ, ಪತ್ರಿಕೆಗಳಲ್ಲಿ ಫೋಟೊ ಬರುತ್ತದೆ. ನಮ್ಮ ಪಂಪುಗಳು ನೆಲದಡಿಯಿಂದ ಎರಡೂವರೆ ದಿನಕ್ಕೊಂದು ಕನ್ನಂಬಾಡಿಯನ್ನು ಬರಿದು ಮಾಡುತ್ತವೆ. ವರ್ಷಕ್ಕೆ ನೂರೈವತ್ತೆರಡು. ಬಾಗಿನವೂ ಇಲ್ಲ, ಫೋಟೊವೂ ಇಲ್ಲ.

ಇದನ್ನು ಆನೆಯ ತೂಕದಲ್ಲಿ ಹೇಳದೆ ಬಿಡಲು ಮನಸ್ಸು ಬಾರದು. ದಸರೆಯಲ್ಲಿ ಅಂಬಾರಿ ಹೊರುವ ಆನೆ ಐದು ಟನ್ ತೂಗುತ್ತದೆ ಎಂದುಕೊಳ್ಳೋಣ. 21,300 ಕೋಟಿ ಟನ್ ನೀರೆಂದರೆ 4,260 ಕೋಟಿ ಅಂಬಾರಿ ಆನೆ. ಭಾರತದ ಕಾಡುಗಳಲ್ಲಿರುವ ನಿಜವಾದ ಆನೆಗಳು ಮೂವತ್ತು ಸಾವಿರವನ್ನೂ ಮುಟ್ಟುವುದಿಲ್ಲ. 4,260 ಕೋಟಿಯನ್ನು ಜಗತ್ತಿನ 800 ಕೋಟಿ ಜನಕ್ಕೆ ಹಂಚಿದರೆ ಟೋಕಿಯೊದವನಿಗೆ ಐದು, ಟಿಂಬಕ್ಟುವಿನವನಿಗೆ ಐದು, ನನಗೆ ಐದು, ನಿಮಗೆ ಐದು, ಮೇಲೆ 260 ಕೋಟಿ ಆನೆ ಕಟ್ಟುವ ಜಾಗವಿಲ್ಲದೆ ಉಳಿಯುತ್ತವೆ. ಸೊಂಡಿಲಿನಿಂದ ಬಾಲದವರೆಗೆ ಆರು ಮೀಟರ್ ಲೆಕ್ಕದಲ್ಲಿ ಮೆರವಣಿಗೆ ಹೊರಡಿಸಿದರೆ ಆ ಜಂಬೂಸವಾರಿ ಬನ್ನಿಮಂಟಪದಲ್ಲಿ ನಿಲ್ಲದೆ, ಚಂದ್ರನಲ್ಲೂ ನಿಲ್ಲದೆ, ಹದಿನೈದು ಕೋಟಿ ಕಿಲೊಮೀಟರ್ ದೂರದ ಸೂರ್ಯನನ್ನು ಸುತ್ತಿ, ವಾಪಸು ಬರುವ ದಾರಿಯ ಮೂರನೇ ಎರಡು ಪಾಲು ಮುಗಿಸಿರುತ್ತದೆ. ಇದು ಒಂದು ವರ್ಷದ ಮೆರವಣಿಗೆ. ಮುಂದಿನ ವರ್ಷ ಮತ್ತೊಂದು.

ಇಷ್ಟು ಭಾರವನ್ನು ಅಲ್ಲಿಂದ ಎತ್ತಿ ಇಲ್ಲಿ ಚೆಲ್ಲಿದರೆ ಭೂಮಿ ಸುಮ್ಮನಿರುತ್ತದೆಯೆ? ಇಲ್ಲ. 2023ರಲ್ಲಿ ದಕ್ಷಿಣ ಕೊರಿಯಾದ ಭೂವಿಜ್ಞಾನಿ ಕಿ-ವಿಯೊನ್ ಸಿಯೊ ಮತ್ತು ಸಂಗಡಿಗರು ಒಂದು ಲೆಕ್ಕ ಪ್ರಕಟಿಸಿದರು. 1993ರಿಂದ 2010ರವರೆಗೆ ಜಗತ್ತಿನ ಜನ ನೆಲದಡಿಯಿಂದ ಎತ್ತಿ ಕಳೆದುಕೊಂಡ ನೀರು 2,15,000 ಕೋಟಿ ಟನ್. ನಮ್ಮ ಅಂಬಾರಿಯ ಲೆಕ್ಕದಲ್ಲಿ 43,000 ಕೋಟಿ ಆನೆ. ಅದರ ಬಹುಪಾಲು ಕೊನೆಗೆ ಸೇರಿದ್ದು ಸಮುದ್ರಕ್ಕೆ. ಹೀಗೆ ಭಾರ ಜಾಗ ಬದಲಿಸಿದ್ದರಿಂದ ಭೂಮಿ ತಿರುಗುವ ಧ್ರುವವೇ ಪೂರ್ವದ ಕಡೆಗೆ ಸುಮಾರು 80 ಸೆಂಟಿಮೀಟರ್ ಸರಿಯಿತು! ಹಾಗೆ ಸರಿಸಿದವರಲ್ಲಿ ಮುಂದೆ ನಿಂತ ಜಾಗಗಳು ಎರಡು. ಒಂದು ಉತ್ತರ ಅಮೆರಿಕದ ಪಶ್ಚಿಮ ಭಾಗ. ಇನ್ನೊಂದು ವಾಯವ್ಯ ಭಾರತ. ಗೋಧಿಗೂ ಭತ್ತಕ್ಕೂ ಉಚಿತ ಕರೆಂಟಿನಲ್ಲಿ ನೀರು ಹಾಯಿಸುವ ಪಂಜಾಬು ಇರುವುದು ಅಲ್ಲೇ.

80 ಸೆಂಟಿಮೀಟರ್ ಎಂದರೆ ಎರಡು ಮೊಳವೂ ಇಲ್ಲ ಎಂದು ಮೂಗು ಮುರಿಯಬೇಡಿ. ಸರಿದದ್ದು ಆರು ಸಾವಿರ ಕೋಟಿ ಕೋಟಿ ಕೋಟಿ ಕಿಲೊ ತೂಗುವ ಗ್ರಹದ ಅಚ್ಚು. ವರ್ಷಕ್ಕೆ ಹಂಚಿದರೆ 4.36 ಸೆಂಟಿಮೀಟರ್, ಹೆಚ್ಚೂಕಡಿಮೆ ನಮ್ಮ ಕೈಯ ಉಗುರು ಬೆಳೆಯುವ ವೇಗ. ಆ ಲೆಕ್ಕ 2010ಕ್ಕೇ ನಿಂತಿದೆ. ಪಂಪು ನಿಂತಿಲ್ಲ. 2012ರಲ್ಲಿ ಭಾರತದ ಬೇಸಾಯದ ಕರೆಂಟು 14,096 ಕೋಟಿ ಯೂನಿಟ್ ಇತ್ತು. ಅಲ್ಲಿಂದ 24,000 ಕೋಟಿಗೆ ಬರುವಷ್ಟರಲ್ಲಿ, ಹನ್ನೊಂದೇ ವರ್ಷದಲ್ಲಿ, ನಾವು ಹಗಲು ರಾತ್ರಿ ನಿಲ್ಲದೆ ತಿರುಗುವ ಇನ್ನೂ ಹನ್ನೊಂದು ಶರಾವತಿಗಳನ್ನು ಅದಕ್ಕೆ ಸೇರಿಸಿದ್ದೇವೆ.